ಇಪ್ಪತ್ತು ಗಂಟೆಯ ಪ್ಲಾಟಿನಂ

ನಿಮ್ಮ ಕೊರಳ ಸರದಲ್ಲೋ ಬೆರಳ ಉಂಗುರದಲ್ಲೋ ಇರುವ ಚಿನ್ನ ಮೊದಲಿಂದಲೂ ಚಿನ್ನವಾಗಿರಲಿಲ್ಲ. ಅದರ ಹೆಚ್ಚುಕಡಿಮೆ ಪ್ರತಿಯೊಂದು ಪರಮಾಣುವೂ ಒಂದು ಕಾಲಕ್ಕೆ ಪ್ಲಾಟಿನಂ ಆಗಿತ್ತು. ಒಡವೆ ಅಂಗಡಿಯ ಪ್ಲಾಟಿನಂ ಅಲ್ಲ. ಪ್ಲಾಟಿನಂ-197 ಅನ್ನುವ, ಜಾಸ್ತಿ ಹೊತ್ತು ಉಳಿಯದ ಒಂದು ಬಗೆ. ಅದರ ಪರಮಾಣು ಬೀಜದಲ್ಲಿ 78 ಪ್ರೋಟಾನ್, 119 ನ್ಯೂಟ್ರಾನ್ ಇರುತ್ತವೆ. ಆ 119ರಲ್ಲಿ ಒಂದು ನ್ಯೂಟ್ರಾನ್ ಒಂದು ಎಲೆಕ್ಟ್ರಾನನ್ನು ಹೊರಗೆ ಹಾಕಿ ಪ್ರೋಟಾನ್ ಆಗಿ ಬದಲಾಗುತ್ತದೆ. ಈಗ ಪ್ರೋಟಾನ್ 79. ಅಂದರೆ ಚಿನ್ನ. ಈ ಬದಲಾವಣೆಯ ಹೆಸರೇ ಬೀಟಾ ಕ್ಷಯ.

ಒಂದಿಷ್ಟು ಪ್ಲಾಟಿನಂ-197 ಇಟ್ಟುಕೊಂಡು ಕಾದರೆ ಸುಮಾರು 20 ಗಂಟೆಯಲ್ಲಿ ಅದರ ಅರ್ಧ ಚಿನ್ನವಾಗಿರುತ್ತದೆ. ಈ ಅವಧಿಗೆ ಅರ್ಧಾಯುಷ್ಯ ಅನ್ನುತ್ತಾರೆ. ಅದನ್ನು ಅಳೆದು ನೋಡಿದ್ದಾರೆ, ಅನುಮಾನವೇ ಇಲ್ಲ. ಆದರೆ 20 ಗಂಟೆಯೇ ಯಾಕೆ? 20 ಸೆಕೆಂಡ್ ಯಾಕಲ್ಲ, 20 ವರ್ಷ ಯಾಕಲ್ಲ? ಅಳೆಯದೆ, ಬರೀ ಲೆಕ್ಕ ಹಾಕಿ ಈ ಸಂಖ್ಯೆ ಹೇಳಬಹುದಾ?

ಪ್ರಶ್ನೆ ಎಷ್ಟು ಗಟ್ಟಿ ಅಂತ ತಿಳಿಯಲು ಒಂದು ಹೋಲಿಕೆ ನೋಡಿ. ಬೀಜದ ಹೊರಗೆ ಒಂಟಿಯಾಗಿರುವ ನ್ಯೂಟ್ರಾನ್ ಕೂಡ ಬೀಟಾ ಕ್ಷಯ ಹೊಂದುತ್ತದೆ. ಅದರ ಅರ್ಧಾಯುಷ್ಯ ಸುಮಾರು 10 ನಿಮಿಷ. ಆಗ ಬಿಡುಗಡೆಯಾಗುವ ಶಕ್ತಿ 0.78 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಬೀಜಗಳ ಶಕ್ತಿ ಅಳೆಯುವ ಮಾನ ಇದು). ಪ್ಲಾಟಿನಂ-197 ಚಿನ್ನವಾಗುವಾಗ ಬಿಡುಗಡೆಯಾಗುವುದು 0.72. ಎರಡೂ ಹತ್ತಿರ ಹತ್ತಿರ ಒಂದೇ. ಎರಡು ಕಡೆಯೂ ಆಗುವ ಕೆಲಸ ಒಂದೇ: ಒಂದು ನ್ಯೂಟ್ರಾನ್ ಹೋಗಿ ಒಂದು ಪ್ರೋಟಾನ್ ಬರುತ್ತದೆ. ಆದರೂ ಅಲ್ಲಿ 10 ನಿಮಿಷ, ಇಲ್ಲಿ 1,200 ನಿಮಿಷ. ಸುಮಾರು 120 ಪಟ್ಟು ನಿಧಾನ! ಇದಕ್ಕೆ ಕಾರಣ ಆ ನ್ಯೂಟ್ರಾನಿನ ಒಳಗಿಲ್ಲ. ಅದರ ಸುತ್ತ ನೆರೆದಿರುವ ಉಳಿದ 196 ಕಣಗಳಲ್ಲಿದೆ. ಭಾರವಾದ ಬೀಜಗಳ ಬೀಟಾ ಕ್ಷಯವನ್ನು ಲೆಕ್ಕ ಹಾಕುವುದು ಅಂದರೆ ಆ ಗುಂಪಿನ ಲೆಕ್ಕ ಹಾಕುವುದು.

ಈ ಕಥೆ ಶುರುವಾಗಿದ್ದೂ ಒಂದು ಭಾರವಾದ ಬೀಜದಿಂದಲೇ. ಅದು ಬಿಸ್ಮತ್-210. ಆಗಿನ ಕಾಲದಲ್ಲಿ ಅದಕ್ಕೆ ರೇಡಿಯಂ ಇ ಅನ್ನುತ್ತಿದ್ದರು. ಐದು ದಿನದ ಅರ್ಧಾಯುಷ್ಯ, ಎಲೆಕ್ಟ್ರಾನ್ ಹೊರಗೆ ಹಾಕಿ ಪೊಲೋನಿಯಂ ಆಗುತ್ತದೆ. ತೊಂದರೆ ಏನಿತ್ತು ಅಂದರೆ, ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಒಂದೇ ಸಮ ಇರುತ್ತಿರಲಿಲ್ಲ. ಬೀಟಾ ಕಿರಣಗಳ, ಅಂದರೆ ಈ ಎಲೆಕ್ಟ್ರಾನ್‌ಗಳ, ಶಕ್ತಿ ಹೀಗೆ ಸೊನ್ನೆಯ ಹತ್ತಿರದಿಂದ ಒಂದು ಮೇಲಿನ ಮಿತಿಯವರೆಗೆ ಹರಡಿರುತ್ತದೆ ಅಂತ ಜೇಮ್ಸ್ ಚಾಡ್ವಿಕ್ 1914ರಲ್ಲೇ ತೋರಿಸಿದ್ದರು. ಎಲ್ಲ ಬೀಜಗಳೂ ಒಂದೇ ಥರ, ಬಿಡುಗಡೆಯಾಗುವ ಶಕ್ತಿಯೂ ಒಂದೇ. ಹಾಗಿದ್ದರೆ ಉಳಿದದ್ದು ಎಲ್ಲಿ ಹೋಯಿತು?

ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಎಲ್ಲಿಸ್ ಮತ್ತು ವಿಲಿಯಂ ವೂಸ್ಟರ್ 1927ರಲ್ಲಿ ಬಹಳ ನೇರವಾದ ಒಂದು ಪ್ರಯೋಗ ಮಾಡಿದರು. ಬಿಸ್ಮತ್-210 ಅನ್ನು ದಪ್ಪ ಲೋಹದ ಒಳಗಿಟ್ಟು, ಹುಟ್ಟುವ ಬಿಸಿಯನ್ನು ಅಳೆದರು. ಎಲೆಕ್ಟ್ರಾನ್ ದಾರಿಯಲ್ಲಿ ಎಲ್ಲಾದರೂ ಶಕ್ತಿ ಕಳೆದುಕೊಂಡಿದ್ದರೆ ಅದೂ ಬಿಸಿಯಾಗಿ ಅಲ್ಲೇ ಸಿಗಬೇಕು ಅಲ್ವಾ? ಆಗ ಪ್ರತಿ ಕ್ಷಯಕ್ಕೆ ಮೇಲಿನ ಮಿತಿಯಷ್ಟು, ಅಂದರೆ ಸುಮಾರು 1.05 ಮೆಗಾ ಎಲೆಕ್ಟ್ರಾನ್ ವೋಲ್ಟ್ ಬಿಸಿ ಸಿಗಬೇಕಿತ್ತು. ಸಿಕ್ಕಿದ್ದು ಸುಮಾರು 0.35 ಮಾತ್ರ. ಶಕ್ತಿಯ ಮೂರನೇ ಎರಡು ಭಾಗ ಲೋಹದ ಗೋಡೆಯನ್ನೇ ದಾಟಿ ಹೋಗಿತ್ತು.

ಕಾಣದಂತೆ ಹೋಗುವ ಇನ್ನೊಂದು ಕಣ ಇರಬೇಕು ಅಂತ 1930ರ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ಪೌಲಿ ಒಂದು ಪತ್ರದಲ್ಲಿ ಸೂಚಿಸಿದರು. ಅದೇ ನ್ಯೂಟ್ರಿನೊ. ಕರಾರುವಾಕ್ಕಾಗಿ ಹೇಳಬೇಕಾದರೆ ಇಲ್ಲಿ ಬರುವುದು ಆಂಟಿನ್ಯೂಟ್ರಿನೊ. ಅದನ್ನು ಪ್ರಯೋಗದಲ್ಲಿ ಹಿಡಿಯಲು 1956ರವರೆಗೆ ಕಾಯಬೇಕಾಯಿತು. ಫ್ರೆಡ್ರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅಮೆರಿಕದ ಒಂದು ರಿಯಾಕ್ಟರಿನ ಪಕ್ಕದಲ್ಲಿ ಅದನ್ನು ಹಿಡಿದರು. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಮೊದಲ ಸಲ ಸಿಕ್ಕಿದ್ದು 1965ರಲ್ಲಿ, ಎರಡು ಕಡೆ. ಒಂದು ದಕ್ಷಿಣ ಆಫ್ರಿಕಾದಲ್ಲಿ, ಇನ್ನೊಂದು ನಮ್ಮ ಕೋಲಾರದಲ್ಲಿ. ಎರಡೂ ಚಿನ್ನದ ಗಣಿಗಳು. ಪ್ಲಾಟಿನಂ-197 ಚಿನ್ನವಾಗುವಾಗ ಪ್ರತಿ ಪರಮಾಣುವೂ ಒಂದು ಆಂಟಿನ್ಯೂಟ್ರಿನೊವನ್ನು ಬಿಟ್ಟುಕೊಡುತ್ತದೆ. ಆ ಚಿನ್ನವನ್ನು ಅಗೆದು ತೆಗೆದ ಆಳದಲ್ಲೇ ಅದೇ ಕುಲದ ಕಣಗಳು ಸಿಕ್ಕವು ಅನ್ನುವುದು ನನಗೆ ಯಾವತ್ತೂ ಬೆರಗಿನ ಸಂಗತಿ.

ಪೌಲಿಯ ಸೂಚನೆಯನ್ನು ಲೆಕ್ಕಕ್ಕೆ ಇಳಿಸಿದವರು ಎನ್ರಿಕೊ ಫರ್ಮಿ. 1934ರಲ್ಲಿ ಅವರು ಕೊಟ್ಟ ಸೂತ್ರದ ಆಕಾರ ಇವತ್ತಿಗೂ ಹಾಗೇ ಇದೆ. ಕ್ಷಯದ ವೇಗ ಮೂರು ಸಂಗತಿಗಳ ಗುಣಾಕಾರ. ಮೊದಲನೆಯದು, ಈ ಬದಲಾವಣೆ ಮಾಡಿಸುವ ದುರ್ಬಲ ಬಲದ ಗಾತ್ರ. ಅದು ಎಲ್ಲ ಬೀಜಗಳಿಗೂ ಒಂದೇ. ಎರಡನೆಯದು, ಹೊರಹೋಗುವ ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ಸಿಕ್ಕ ಶಕ್ತಿಯನ್ನು ಎಷ್ಟು ರೀತಿಯಲ್ಲಿ ಹಂಚಿಕೊಳ್ಳಬಹುದು ಅನ್ನುವುದು. ಮೂರನೆಯದು, ಮೊದಲಿನ ಬೀಜ ಮತ್ತು ಆಮೇಲಿನ ಬೀಜ ಒಂದಕ್ಕೊಂದು ಎಷ್ಟು ಹೊಂದಿಕೊಳ್ಳುತ್ತವೆ ಅನ್ನುವುದು.

ಎರಡನೆಯದರಲ್ಲಿ ಕಷ್ಟ ಕಡಿಮೆ, ಆದರೆ ಅದರ ಹಿಡಿತ ಬಹಳ ಜೋರು. ಶಕ್ತಿ ಸಾಕಷ್ಟು ಜಾಸ್ತಿ ಇರುವಾಗ ವೇಗವು ಶಕ್ತಿಯ ಐದನೇ ಘಾತದ ಹಾಗೆ ಏರುತ್ತದೆ. ಶಕ್ತಿ ಎರಡು ಪಟ್ಟಾದರೆ ವೇಗ 32 ಪಟ್ಟು. ಶಕ್ತಿಯ ಅಂದಾಜಿನಲ್ಲಿ ನೂರಕ್ಕೆ 10ರಷ್ಟು ತಪ್ಪಾದರೆ ಅರ್ಧಾಯುಷ್ಯದಲ್ಲಿ ನೂರಕ್ಕೆ 60ರಷ್ಟು ತಪ್ಪು. ಹಾಗಾಗಿ ಬೀಟಾ ಕ್ಷಯದ ಲೆಕ್ಕಕ್ಕೆ ಕೂರುವ ಮೊದಲು ಬೀಜಗಳ ತೂಕ ಸರಿಯಾಗಿ ಗೊತ್ತಿರಬೇಕು. ಎರಡು ಬೀಜಗಳ ತೂಕದ ವ್ಯತ್ಯಾಸವೇ ಬಿಡುಗಡೆಯಾಗುವ ಶಕ್ತಿ. ಅಳೆಯದ ಬೀಜವಾದರೆ ತೂಕವನ್ನೂ ಒಂದು ಮಾದರಿಯಿಂದಲೇ ಪಡೆಯಬೇಕು. ಒಂದು ಅಂದಾಜಿನ ಮೇಲೆ ಇನ್ನೊಂದು ಅಂದಾಜು ಕೂರುತ್ತದೆ.

ಭಾರವಾದ ಬೀಜದಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಚಿನ್ನದ ಬೀಜದ 79 ಪ್ರೋಟಾನ್‌ಗಳು ಹೊರಡುವ ಎಲೆಕ್ಟ್ರಾನನ್ನು ತಮ್ಮ ಕಡೆ ಎಳೆಯುತ್ತವೆ. ಎಳೆದರೆ ಕ್ಷಯ ನಿಧಾನವಾಗಬೇಕು ಅನ್ನಿಸಬಹುದು. ಆಗುವುದು ತದ್ವಿರುದ್ಧ. ಈ ಎಳೆತದಿಂದ ಎಲೆಕ್ಟ್ರಾನಿನ ಅಲೆ ಬೀಜ ಇರುವ ಜಾಗದಲ್ಲೇ ದಟ್ಟವಾಗುತ್ತದೆ. ಎಲೆಕ್ಟ್ರಾನ್ ಅಲ್ಲಿ ಹುಟ್ಟುವ ಸಾಧ್ಯತೆ ಏರುತ್ತದೆ. ಪ್ಲಾಟಿನಂ-197ರ ವಿಷಯದಲ್ಲಿ ಇದು ವೇಗವನ್ನು ಹತ್ತು ಪಟ್ಟಿಗಿಂತ ಜಾಸ್ತಿ ಹೆಚ್ಚಿಸುತ್ತದೆ. ಅಂದರೆ ನಮ್ಮ ಒಗಟು ಇನ್ನೂ ಬಿಗಿಯಾಯಿತು. ಒಂಟಿ ನ್ಯೂಟ್ರಾನಿಗಿಂತ ಬೇಗ ಆಗಬೇಕಾದದ್ದು 120 ಪಟ್ಟು ನಿಧಾನವಾಗಿ ಆಗುತ್ತಿದೆ. ಎಲ್ಲೋ ಒಂದು ಕಡೆ ಸಾವಿರ ಪಟ್ಟಿಗೂ ಹೆಚ್ಚಿನ ತಡೆ ಇದೆ. ಅದು ಇರುವುದು ಫರ್ಮಿಯ ಮೂರನೇ ಸಂಗತಿಯಲ್ಲಿ.

ಬೀಜದೊಳಗೆ ಎರಡು ಏಣಿಗಳಿವೆ ಅಂದುಕೊಳ್ಳಿ. ಒಂದು ನ್ಯೂಟ್ರಾನ್‌ಗಳಿಗೆ, ಇನ್ನೊಂದು ಪ್ರೋಟಾನ್‌ಗಳಿಗೆ. ಪ್ರತಿ ಮೆಟ್ಟಿಲಲ್ಲೂ ಇಷ್ಟೇ ಜಾಗ ಅಂತ ನಿಗದಿಯಾಗಿದೆ. ಕೆಳಗಿನಿಂದ ತುಂಬುತ್ತಾ ಬರಬೇಕು. ಒಂದು ಜಾಗದಲ್ಲಿ ಎರಡು ಕಣ ಕೂರುವ ಹಾಗಿಲ್ಲ. ಮೆಟ್ಟಿಲುಗಳ ಅಂತರ ಒಂದೇ ಸಮ ಇಲ್ಲ. 2, 8, 20, 28, 50, 82, 126 ಕಣಗಳು ತುಂಬಿದ ಕೂಡಲೇ ದೊಡ್ಡ ಅಂತರ ಬರುತ್ತದೆ. ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ 1949ರಲ್ಲಿ ಬೇರೆ ಬೇರೆಯಾಗಿ ಈ ಸಂಖ್ಯೆಗಳ ಗುಟ್ಟು ಬಿಡಿಸಿದರು. 1963ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಅರ್ಧ ಪಾಲು ಇದಕ್ಕೇ ಬಂತು.

ಬೀಟಾ ಕ್ಷಯ ಅಂದರೆ ನ್ಯೂಟ್ರಾನ್ ಏಣಿಯ ಮೇಲಿನ ಒಂದು ಕಣ ಪ್ರೋಟಾನ್ ಏಣಿಯ ಖಾಲಿ ಜಾಗಕ್ಕೆ ದಾಟುವುದು. ಖಾಲಿ ಜಾಗ ಕೆಳಗಿದ್ದರೆ ಮಾತ್ರ ಶಕ್ತಿ ಉಳಿಯುತ್ತದೆ, ಕ್ಷಯ ಆಗುತ್ತದೆ. ಮೇಲಿದ್ದರೆ ಆಗುವುದೇ ಇಲ್ಲ. ಒಂಟಿಯಾಗಿ ಕೆಲವೇ ನಿಮಿಷ ಬಾಳುವ ನ್ಯೂಟ್ರಾನ್ ನಮ್ಮ ಮೈಯ ಇಂಗಾಲದೊಳಗೆ ಕೋಟಿಗಟ್ಟಲೆ ವರ್ಷ ಸುಮ್ನೆ ಕೂತಿರುವುದು ಇದೇ ಕಾರಣಕ್ಕೆ.

ಜಾಗ ಖಾಲಿ ಇದ್ದರೆ ಸಾಲದು, ದಾಟುವ ರೀತಿಗೂ ನಿಯಮ ಇದೆ. ಪ್ರತಿ ಮೆಟ್ಟಿಲಿಗೂ ಒಂದು ಆಕಾರ ಇದೆ. ಕೆಲವು ಆಕಾರಗಳು ಸಮ, ಕೆಲವು ಬೆಸ. ಭೌತವಿಜ್ಞಾನಿಗಳು ಇದನ್ನು ಪ್ಯಾರಿಟಿ ಅನ್ನುತ್ತಾರೆ. ಸುಲಭದ ಬೀಟಾ ಕ್ಷಯದಲ್ಲಿ ಸಮದಿಂದ ಸಮಕ್ಕೆ, ಬೆಸದಿಂದ ಬೆಸಕ್ಕೆ ಮಾತ್ರ ದಾಟಬಹುದು. ಕಣದ ಸ್ಪಿನ್ (ಅದರದ್ದೇ ಆದ ಸುತ್ತುವಿಕೆ) ಹಾಗೇ ಉಳಿದರೆ ಅದು ಫರ್ಮಿ ಬಗೆ. ಸ್ಪಿನ್ ಮಗುಚಲು ಅವಕಾಶ ಇದ್ದರೆ ಗ್ಯಾಮೊವ್-ಟೆಲ್ಲರ್ ಬಗೆ. ಜಾರ್ಜ್ ಗ್ಯಾಮೊವ್ ಮತ್ತು ಎಡ್ವರ್ಡ್ ಟೆಲ್ಲರ್ 1936ರಲ್ಲಿ ಸೇರಿಸಿದ ದಾರಿ ಇದು.

ಈಗ ಚಿನ್ನದ ಸುತ್ತಮುತ್ತಲ ಬೀಜಗಳನ್ನು ನೋಡಿ. ಇಲ್ಲಿ ನ್ಯೂಟ್ರಾನ್‌ಗಳು 82ರಿಂದ 126ರವರೆಗಿನ 44 ಜಾಗಗಳಲ್ಲಿ ತುಂಬುತ್ತಿರುತ್ತವೆ. ಆ 44ರಲ್ಲಿ 30 ಬೆಸ, 14 ಸಮ. ಪ್ರೋಟಾನ್‌ಗಳು 50ರಿಂದ 82ರವರೆಗಿನ 32 ಜಾಗಗಳಲ್ಲಿ. ಆ 32ರಲ್ಲಿ 20 ಸಮ, 12 ಬೆಸ. ಗಮನಿಸಿದಿರಾ? ಈ ಕಡೆ ಜಾಸ್ತಿ ಬೆಸ, ಆ ಕಡೆ ಜಾಸ್ತಿ ಸಮ. ಪ್ಲಾಟಿನಂ-197ರ 119ನೇ ನ್ಯೂಟ್ರಾನ್ ಕೂತಿರುವುದು ಬೆಸ ಮೆಟ್ಟಿಲಲ್ಲಿ. ಚಿನ್ನದ 79ನೇ ಪ್ರೋಟಾನಿಗೆ ಸಿಗುವುದು ಸಮ ಮೆಟ್ಟಿಲು. ಸುಲಭದ ದಾರಿ ಮುಚ್ಚಿದೆ.

ಪೂರ್ತಿ ಮುಚ್ಚಿಲ್ಲ. ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ಹೊರಡುವಾಗ ತಮ್ಮ ಜೊತೆ ಒಂದಿಷ್ಟು ಸುತ್ತುವಿಕೆಯನ್ನು ಎತ್ತಿಕೊಂಡು ಹೋದರೆ ಸಮ-ಬೆಸದ ಲೆಕ್ಕ ಸರಿಹೋಗುತ್ತದೆ. ಆದರೆ ಬೀಜ ಬಹಳ ಚಿಕ್ಕದು, ಎಲೆಕ್ಟ್ರಾನಿನ ಅಲೆ ಅದರ ಮುಂದೆ ಬಹಳ ಉದ್ದ. ಅಷ್ಟು ಚಿಕ್ಕ ಜಾಗದಿಂದ ಸುತ್ತುವಿಕೆ ಎತ್ತಿಕೊಂಡು ಹೋಗುವುದು ಅಪರೂಪ. ಹಾಗಾಗಿ ವೇಗ ಸಾಮಾನ್ಯವಾಗಿ ನೂರು, ಸಾವಿರ ಪಟ್ಟು ಇಳಿಯುತ್ತದೆ. ಇಂಥ ಕ್ಷಯಕ್ಕೆ ಮೊದಲ ದರ್ಜೆಯ ನಿಷಿದ್ಧ ಕ್ಷಯ ಅನ್ನುತ್ತಾರೆ. ಹೆಸರು ನೋಡಿ ಹೆದರಬೇಡಿ. ನಿಷಿದ್ಧ ಅಂದರೆ ಆಗುವುದಿಲ್ಲ ಅಂತ ಅಲ್ಲ, ತಡವಾಗಿ ಆಗುತ್ತದೆ ಅಂತ. ಪ್ಲಾಟಿನಂ ಚಿನ್ನವಾಗುವುದು ಈ ದಾರಿಯಲ್ಲೇ. ನಾವು ಹುಡುಕುತ್ತಿದ್ದ ಸಾವಿರ ಪಟ್ಟಿನ ತಡೆ ಇದೇ.

ದರ್ಜೆ ಏರಿದ ಹಾಗೆ ಕಾಯುವ ಕಾಲವೂ ಬೆಳೆಯುತ್ತದೆ. ಮೊಬೈಲ್ ಪರದೆಯ ಮೇಲಿನ ಪಾರದರ್ಶಕ ಲೇಪದಲ್ಲಿ ಇಂಡಿಯಂ ಇರುತ್ತದೆ. ಭೂಮಿಯ ಇಂಡಿಯಂನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಇಂಡಿಯಂ-115. ಅದು ಬೀಟಾ ಕ್ಷಯ ಹೊಂದುವ ಬೀಜ, ಆದರೆ ನಾಲ್ಕನೇ ದರ್ಜೆಯ ನಿಷಿದ್ಧ. ಅರ್ಧಾಯುಷ್ಯ ನಾಲ್ಕು ಕೋಟಿ ಕೋಟಿ ವರ್ಷಕ್ಕೂ ಜಾಸ್ತಿ. ಬ್ರಹ್ಮಾಂಡದ ವಯಸ್ಸೇ 1,380 ಕೋಟಿ ವರ್ಷ.

ಇಷ್ಟು ಹೇಳಿದ ಮೇಲೆ 20 ಗಂಟೆ ಯಾಕೆ ಅನ್ನುವುದು ಸ್ಥೂಲವಾಗಿ ತಿಳಿಯಿತು. ಆದರೆ ಇಪ್ಪತ್ತೋ, ಹತ್ತೋ, ಐವತ್ತೋ? ಅದನ್ನು ಹೇಳಲು ಏಣಿಯ ಚಿತ್ರ ಸಾಲುವುದಿಲ್ಲ. ಯಾಕೆಂದರೆ ನಿಜವಾದ ಬೀಜದಲ್ಲಿ ಕಣಗಳು ತಮ್ಮ ತಮ್ಮ ಮೆಟ್ಟಿಲಲ್ಲಿ ಸುಮ್ಮನೆ ಕೂರುವುದಿಲ್ಲ. ಒಂದನ್ನೊಂದು ತಳ್ಳುತ್ತವೆ, ಸೆಳೆಯುತ್ತವೆ, ಜಾಗ ಬದಲಾಯಿಸುತ್ತಲೇ ಇರುತ್ತವೆ. ಬೀಜದ ನಿಜವಾದ ಸ್ಥಿತಿ ಅಂದರೆ ಈ ಎಲ್ಲ ಕೂರುವ ಬಗೆಗಳ ಒಂದು ಮಿಶ್ರಣ.

ಎಷ್ಟು ಬಗೆ? ಡಿಸ್ಪ್ರೋಸಿಯಂ-170 ತೆಗೆದುಕೊಳ್ಳಿ. ಅದರಲ್ಲಿ 66 ಪ್ರೋಟಾನ್, 104 ನ್ಯೂಟ್ರಾನ್. ಎರಡೂ ಏಣಿಯ ಮೇಲಿನ ಭಾಗ ಸರಿಯಾಗಿ ಅರ್ಧ ತುಂಬಿದೆ. ಪ್ರೋಟಾನ್‌ಗಳ 32 ಜಾಗದಲ್ಲಿ 16 ಕಣಗಳನ್ನು ಕೂರಿಸಲು 60 ಕೋಟಿ ಬಗೆ. ನ್ಯೂಟ್ರಾನ್‌ಗಳ 44 ಜಾಗದಲ್ಲಿ 22 ಕಣಗಳನ್ನು ಕೂರಿಸಲು ಎರಡು ಲಕ್ಷ ಕೋಟಿ ಬಗೆ. ಎರಡನ್ನೂ ಗುಣಿಸಿದರೆ ಒಂದೂಕಾಲು ಕೋಟಿ ಕೋಟಿ ಕೋಟಿ. ಕೆಳಗಿನ ಮೆಟ್ಟಿಲುಗಳನ್ನು ಮುಟ್ಟದೆ, ಮೇಲಿನವನ್ನೂ ಸೇರಿಸದೆ ಬಂದ ಸಂಖ್ಯೆ ಇದು. ಸಮ-ಬೆಸ, ಸ್ಪಿನ್ ಅಂತ ನಿಯಮಗಳನ್ನು ಹಾಕಿ ಸೋಸಿದರೂ ಯಾವ ಕಂಪ್ಯೂಟರಿಗೂ ಇದು ನೇರವಾಗಿ ದಕ್ಕುವುದಿಲ್ಲ.

ಆದ್ದರಿಂದ ಮಾದರಿಗಳು ಬೇಕು. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಅನ್ನುವ ತೀರ್ಮಾನವೇ ಮಾದರಿ. ಜಪಾನಿನ ಕೋಜಿ ತಕಹಾಶಿ ಮತ್ತು ಮಸಾಮಿ ಯಮಾಡ 1969ರಲ್ಲಿ ಮೆಟ್ಟಿಲುಗಳನ್ನೇ ಬಿಟ್ಟರು. ದಾಟುವ ಸಾಧ್ಯತೆ ಶಕ್ತಿಯ ಮೇಲೆ ಸರಾಸರಿಯಾಗಿ ಹೇಗೆ ಹರಡಿದೆ ಅಂತ ಒಂದು ನಯವಾದ ವಕ್ರರೇಖೆ ಬರೆದರು. ಸ್ಥೂಲ ಸಿದ್ಧಾಂತ ಅಂತಲೇ ಅದನ್ನು ಕರೆಯುತ್ತಾರೆ. ಒಂದೊಂದು ಬೀಜದ ವಿವರ ಅದರಲ್ಲಿ ಕಳೆದುಹೋಗುತ್ತದೆ. ಆದರೂ ಸಾವಿರಾರು ಬೀಜಗಳಿಗೆ ಒಟ್ಟಿಗೆ ಉತ್ತರ ಬೇಕಾದಾಗ ಆ ದಾರಿ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಒಂದೊಂದು ಕಣ ಎಲ್ಲಿ ಕೂತಿದೆ ಅಂತ ಕೇಳುವ ಬದಲು, ಇಡೀ ಬೀಜವನ್ನು ಒಮ್ಮೆ ಮೀಟಿದರೆ ಯಾವ ಸ್ವರ ಬರುತ್ತದೆ ಅಂತ ಕೇಳುವುದು. ತಂಬೂರಿಯ ತಂತಿ ಮೀಟಿದ ಹಾಗೆ. ಇಲ್ಲಿ ಮೀಟುವುದು ಅಂದರೆ ಒಂದು ನ್ಯೂಟ್ರಾನನ್ನು ಪ್ರೋಟಾನ್ ಮಾಡುವುದು. ಯಾವ ಯಾವ ಶಕ್ತಿಯಲ್ಲಿ ಬೀಜ ಎಷ್ಟು ಜೋರಾಗಿ ದನಿಗೊಡುತ್ತದೆ ಅಂತ ಲೆಕ್ಕ ಹಾಕಿದರೆ ಬೀಟಾ ಕ್ಷಯದ ವೇಗ ಸಿಗುತ್ತದೆ. 1967ರಲ್ಲಿ ಜಾನ್ ಹಾಲ್ಬ್ಲೈಬ್ ಮತ್ತು ರೇಮಂಡ್ ಸೊರೆನ್ಸನ್ ಇದನ್ನು ಜೋಡಿಗಟ್ಟಿದ ಕಣಗಳಿರುವ ಬೀಜಗಳಿಗೆ ಹೊಂದಿಸಿದರು. ಸಂಶೋಧಕರ ನಡುವೆ ಇದರ ಹೆಸರು ಕ್ಯೂಆರ್‌ಪಿಎ.

ಭಾರವಾದ ಬೀಜ ಮೀಟಿದಾಗ ಬರುವ ದನಿ ಬಹಳ ವಿಚಿತ್ರ. ಗ್ಯಾಮೊವ್-ಟೆಲ್ಲರ್ ದಾರಿಯ ಒಟ್ಟು ಬಲಕ್ಕೆ ಒಂದು ಕಟ್ಟುನಿಟ್ಟಾದ ಲೆಕ್ಕ ಇದೆ. ನ್ಯೂಟ್ರಾನ್‌ಗಳು ಪ್ರೋಟಾನ್‌ಗಳಿಗಿಂತ ಎಷ್ಟು ಜಾಸ್ತಿ ಇವೆಯೋ ಅದರ ಮೂರು ಪಟ್ಟಾದರೂ ಇರಲೇಬೇಕು. ಸೀಸ-208ರಲ್ಲಿ 44 ನ್ಯೂಟ್ರಾನ್ ಜಾಸ್ತಿ, ಹಾಗಾಗಿ ಕನಿಷ್ಠ 132. ಇಷ್ಟು ಬಲ ಇದ್ದರೂ ಸೀಸ-208 ಕ್ಷಯವೇ ಆಗುವುದಿಲ್ಲ! ಕಾರಣ ಏನು ಅಂದರೆ, ಬಲದ ಸಿಂಹಪಾಲು ಒಂದೇ ದೊಡ್ಡ ಸ್ವರದಲ್ಲಿ ಸೇರಿಕೊಂಡಿರುತ್ತದೆ. ಎಲ್ಲ ಕಣಗಳೂ ಒಟ್ಟಾಗಿ ದನಿಗೂಡಿಸುವ ಸ್ವರ ಅದು. ಅದರ ಶಕ್ತಿ ಎಷ್ಟು ಮೇಲಿರುತ್ತದೆ ಅಂದರೆ ಬೀಟಾ ಕ್ಷಯದ ಕೈಗೆ ಅದು ಎಟುಕುವುದೇ ಇಲ್ಲ. ಪ್ರೋಟಾನ್‌ಗಳಿಂದ ಬೀಜಕ್ಕೆ ಹೊಡೆದು, ನ್ಯೂಟ್ರಾನ್ ಹೊರಬರುವುದನ್ನು ನೋಡುವಂಥ ಪ್ರಯೋಗಗಳಲ್ಲಿ ಅದು ಕಾಣುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸೈಕ್ಲೋಟ್ರಾನಿನಲ್ಲಿ (ಕಣಗಳ ವೇಗ ಹೆಚ್ಚಿಸುವ ಯಂತ್ರ) 1980ರ ಸುಮಾರಿಗೆ ಇದನ್ನು ಸ್ಪಷ್ಟವಾಗಿ ನೋಡಿದರು.

ಹಾಗಾದರೆ ಅಸ್ಥಿರವಾದ ಭಾರದ ಬೀಜಗಳಲ್ಲಿ ಕ್ಷಯಕ್ಕೆ ಸಿಗುವುದು ಏನು? ಆ ದೊಡ್ಡ ಸ್ವರದ ಕೆಳಗೆ ಉಳಿದ ಸಣ್ಣ ಬಾಲ. ಒಟ್ಟು ಬಲದಲ್ಲಿ ಒಂದು ಚೂರು. ಸಿದ್ಧಾಂತಕಾರರ ಪಾಡು ಇಲ್ಲಿ ಅರ್ಥವಾಗುತ್ತದೆ. ದೊಡ್ಡದನ್ನು ಸರಿಯಾಗಿ ಲೆಕ್ಕ ಹಾಕಿದರೂ ಸಾಲದು. ಅದು ಸ್ವಲ್ಪ ಮೇಲೆ ಕೆಳಗೆ ಆದರೆ ಬಾಲ ಎರಡು ಪಟ್ಟೋ ಅರ್ಧವೋ ಆಗಿಬಿಡುತ್ತದೆ. ಬೀಜ ಉಂಡೆಯಾಗಿದೆಯೋ ಉದ್ದಕ್ಕೆ ಎಳೆದ ಹಾಗಿದೆಯೋ ಅನ್ನುವುದರ ಮೇಲೂ ಬಾಲ ಬದಲಾಗುತ್ತದೆ. ನ್ಯೂಟ್ರಾನ್ ಮತ್ತು ಪ್ರೋಟಾನ್ ನಡುವಿನ ಒಂದು ಬಗೆಯ ಜೋಡಿಯ ಬಲವನ್ನು ಬೇರೆ ಎಲ್ಲಿಂದಲೂ ಸರಿಯಾಗಿ ಪಡೆಯಲು ಆಗುವುದಿಲ್ಲ. ಗೊತ್ತಿರುವ ಅರ್ಧಾಯುಷ್ಯಗಳಿಗೆ ಉತ್ತರ ಹೊಂದುವವರೆಗೆ ಅದನ್ನು ತಿರುಗಿಸಿ ನಿಲ್ಲಿಸುತ್ತಾರೆ, ತಂಬೂರಿಯ ಬಿರಡೆ ತಿರುಗಿಸಿದ ಹಾಗೆ. ಅಳೆದ ಬೀಜಗಳ ನಡುವೆ ಇದು ಚೆನ್ನಾಗಿ ನಡೆಯುತ್ತದೆ. ಅಳೆದ ಜಾಗದಿಂದ ದೂರ ಹೋದ ಹಾಗೆ ನಂಬಿಕೆ ಕಡಿಮೆಯಾಗುತ್ತದೆ.

ಇಂಥದ್ದೇ ಇನ್ನೊಂದು ಹೊಂದಾಣಿಕೆ ದಶಕಗಳ ಕಾಲ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಲೆಕ್ಕದಲ್ಲಿ ಬರುವ ಗ್ಯಾಮೊವ್-ಟೆಲ್ಲರ್ ಕ್ಷಯ ಯಾವಾಗಲೂ ಅಳತೆಗಿಂತ ವೇಗವಾಗಿರುತ್ತಿತ್ತು. ಒಂಟಿ ನ್ಯೂಟ್ರಾನಿನಲ್ಲಿ ಈ ಬಲದ ಗಾತ್ರ ಸುಮಾರು 1.27. ಬೀಜದೊಳಗೆ ಅದನ್ನು ಮುಕ್ಕಾಲು ಮಾಡಿದರೆ ಉತ್ತರ ಸರಿಹೋಗುತ್ತಿತ್ತು. ಯಾಕೆ ಮುಕ್ಕಾಲು? ಬಲವೇ ಬೀಜದೊಳಗೆ ಕುಗ್ಗುತ್ತದಾ? 2019ರಲ್ಲಿ ಅಮೆರಿಕ, ಕೆನಡಾ, ಜರ್ಮನಿಯ ಸಂಶೋಧಕರ ಒಂದು ತಂಡ ತವರ-100ರವರೆಗಿನ ಬೀಜಗಳಿಗೆ ಬುಡದಿಂದ ಲೆಕ್ಕ ಹಾಕಿ ತೋರಿಸಿತು. ಬಲ ಕುಗ್ಗುವುದಿಲ್ಲ. ಒಂದು ಕಾರಣ, ಕಣಗಳ ನಡುವಿನ ಬಿಗಿಯಾದ ಒಡನಾಟವನ್ನು ಹಳೆಯ ಲೆಕ್ಕಗಳು ಪೂರ್ತಿ ಹಿಡಿದಿರಲಿಲ್ಲ. ಇನ್ನೊಂದು, ನ್ಯೂಟ್ರಾನ್ ಬದಲಾಗುವಾಗ ಅದು ಒಂಟಿಯಾಗಿ ಬದಲಾಗುವುದಿಲ್ಲ, ಪಕ್ಕದ ಕಣವೂ ಅದರಲ್ಲಿ ಕೈ ಹಾಕುತ್ತದೆ. ಎರಡನ್ನೂ ಸೇರಿಸಿದರೆ ಮುಕ್ಕಾಲು ಅನ್ನುವ ತೇಪೆ ಬೇಕಾಗುವುದಿಲ್ಲ. ಚಿನ್ನದಷ್ಟು ಭಾರದ, ಅರ್ಧ ತುಂಬಿದ ಬೀಜಗಳಿಗೆ ಇಂಥ ಲೆಕ್ಕ ಇನ್ನೂ ದೂರದ ಮಾತು.

ನಿಷಿದ್ಧ ಕ್ಷಯಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಒಂದೇ ದಾರಿ ಇರುವುದಿಲ್ಲ, ಹಲವು ದಾರಿಗಳ ಪಾಲು ಸೇರುತ್ತದೆ. ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ. ಎಲ್ಲಿಸ್ ಮತ್ತು ವೂಸ್ಟರ್ ಬಿಸಿ ಅಳೆದ ಬಿಸ್ಮತ್-210 ಇದಕ್ಕೆ ಹೆಸರುವಾಸಿ. ಅದೂ ಮೊದಲ ದರ್ಜೆಯ ನಿಷಿದ್ಧ ಕ್ಷಯ. ಅದರ ದೊಡ್ಡ ಪಾಲುಗಳು ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಗುತ್ತವೆ. ಉಳಿಯುವ ಚೂರು ಎಲೆಕ್ಟ್ರಾನ್‌ಗಳ ಶಕ್ತಿ ಹಂಚಿಕೆಯ ಆಕಾರವನ್ನೇ ಬದಲಾಯಿಸಿಬಿಡುತ್ತದೆ. ದೊಡ್ಡ ಸಂಖ್ಯೆಯಿಂದ ಇನ್ನೊಂದು ದೊಡ್ಡ ಸಂಖ್ಯೆ ಕಳೆದು ಚಿಕ್ಕದೊಂದನ್ನು ಪಡೆಯುವ ಲೆಕ್ಕ ಎಷ್ಟು ಅಪಾಯದ್ದು ಅಂತ ಮನೆಯ ಆಯವ್ಯಯ ಬರೆದವರಿಗೂ ಗೊತ್ತು. ಎರಡರಲ್ಲಿ ಒಂದು ಚೂರು ತಪ್ಪಿದರೆ ಉಳಿದದ್ದು ಪೂರ್ತಿ ತಪ್ಪು.

ಬೀಜದ ಹೊರಗಿನದ್ದೂ ಲೆಕ್ಕಕ್ಕೆ ಬರುತ್ತದೆ. ರೀನಿಯಂ-187ರ ಅರ್ಧಾಯುಷ್ಯ ಸುಮಾರು 4,200 ಕೋಟಿ ವರ್ಷ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಪ್ರಯೋಗಾಲಯದಲ್ಲಿ ಅದರ 75 ಎಲೆಕ್ಟ್ರಾನ್‌ಗಳನ್ನೂ ಕಿತ್ತು, ಬರೀ ಬೀಜವನ್ನು ಒಂದು ಉಂಗುರದಲ್ಲಿ ಸುತ್ತಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಅರ್ಧಾಯುಷ್ಯ ಸುಮಾರು 33 ವರ್ಷ. ನೂರು ಕೋಟಿ ಪಟ್ಟಿಗಿಂತ ಜಾಸ್ತಿ ವೇಗ! ಮಾಮೂಲು ಪರಮಾಣುವಿನಲ್ಲಿ ಒಳಗಿನ ಎಲೆಕ್ಟ್ರಾನ್ ಜಾಗಗಳೆಲ್ಲ ಭರ್ತಿ. ಕಿತ್ತ ಮೇಲೆ ಅವು ಖಾಲಿ. ಹೊಸದಾಗಿ ಹುಟ್ಟುವ ಎಲೆಕ್ಟ್ರಾನ್ ಹೊರಗೆ ಹಾರಬೇಕಾಗಿಲ್ಲ, ಅಲ್ಲೇ ಕೂರಬಹುದು. ನಕ್ಷತ್ರಗಳ ಒಡಲಿನ ಬಿಸಿಯಲ್ಲಿ ಎಲೆಕ್ಟ್ರಾನ್‌ಗಳು ಹೀಗೇ ಕಿತ್ತುಹೋಗುತ್ತವೆ. ಅಲ್ಲಿಯ ಲೆಕ್ಕಕ್ಕೆ ನಮ್ಮ ಪ್ರಯೋಗಾಲಯದ ಅರ್ಧಾಯುಷ್ಯವನ್ನು ಹಾಗೇ ಹಾಕುವ ಹಾಗಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಲೆಕ್ಕ ಹಾಕಬೇಕು, ಅಳೆದರೆ ಆಯಿತಲ್ಲ ಅನ್ನಬಹುದು. ಚಿನ್ನ ಹುಟ್ಟುವ ದಾರಿಯ ಬೀಜಗಳು ನಮ್ಮ ಕೈಗೆ ಸಿಗುವುದಿಲ್ಲ. ಉತ್ತರ ಇಷ್ಟೇ. ನ್ಯೂಟ್ರಾನ್‌ಗಳು ಕಿಕ್ಕಿರಿದ ಜಾಗದಲ್ಲಿ ಬೀಜಗಳು ಒಂದರ ಹಿಂದೆ ಒಂದು ನ್ಯೂಟ್ರಾನ್ ನುಂಗುತ್ತವೆ. ಕ್ಷಯಕ್ಕೆ ಪುರುಸೊತ್ತೇ ಇರುವುದಿಲ್ಲ. 126 ನ್ಯೂಟ್ರಾನ್ ತುಂಬಿದಾಗ ಮೇಲಿನ ಮೆಟ್ಟಿಲು ದೂರ, ನುಂಗುವುದು ನಿಲ್ಲುತ್ತದೆ. ಈಗ ಒಂದು ಬೀಟಾ ಕ್ಷಯ ಆಗುವವರೆಗೆ ಕಾಯಬೇಕು. ಕಾಯುವ ಜಾಗದಲ್ಲಿ ಬೀಜಗಳು ಗುಡ್ಡೆಯಾಗುತ್ತವೆ. ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿದ ಹಾಗೆ. ಆ ಗುಡ್ಡೆಯೇ ಮುಂದೆ ಪ್ಲಾಟಿನಂ, ಚಿನ್ನ ಆಗುವುದು. ಗುಡ್ಡೆ ಎಷ್ಟು ಎತ್ತರ, ಯುರೇನಿಯಂ ಕಡೆಗೆ ಎಷ್ಟು ದಾಟುತ್ತದೆ ಅನ್ನುವುದೆಲ್ಲ ಅಲ್ಲಿಯ ಅರ್ಧಾಯುಷ್ಯಗಳ ಮೇಲೆ ನಿಂತಿದೆ.

ಅಂಥ ಒಂದು ಬೀಜ ಥೂಲಿಯಂ-195. ಅದರಲ್ಲಿ 69 ಪ್ರೋಟಾನ್, 126 ನ್ಯೂಟ್ರಾನ್. ಅಮೆರಿಕದ ಮಿಶಿಗನ್‌ನಲ್ಲಿ 2022ರಲ್ಲಿ ಶುರುವಾದ ಅಪರೂಪದ ಬೀಜಗಳ ಹೊಸ ಕೇಂದ್ರ 2024ರಲ್ಲಿ ಹೊಸ ಬೀಜಗಳನ್ನು ಪ್ರಕಟಿಸಿದಾಗ ಅದರಲ್ಲಿ ಥೂಲಿಯಂ-183 ಇತ್ತು. 195ಕ್ಕೆ ಅಲ್ಲಿಂದ ಇನ್ನೂ 12 ನ್ಯೂಟ್ರಾನ್ ದೂರ. ಪೀಟರ್ ಮೊಲ್ಲರ್ ಮತ್ತು ಜೊತೆಗಾರರು 2003ರಲ್ಲಿ ಕೊಟ್ಟ ದೊಡ್ಡ ಪಟ್ಟಿಯಲ್ಲಿ ನಿಷಿದ್ಧ ಕ್ಷಯದ ಪಾಲನ್ನು ಸ್ಥೂಲ ಸಿದ್ಧಾಂತದಿಂದ ತುಂಬಿದ್ದರು. 2016ರಲ್ಲಿ ಟೊಮಿಸ್ಲಾವ್ ಮಾರ್ಕೆಟಿನ್ ಮತ್ತು ಜೊತೆಗಾರರು ಅದನ್ನೂ ಕ್ಯೂಆರ್‌ಪಿಎ ದಾರಿಯಲ್ಲೇ ಲೆಕ್ಕ ಹಾಕಿದರು. 126ರ ಸುತ್ತ ನಿಷಿದ್ಧ ದಾರಿಗಳನ್ನು ಕೈಬಿಡುವ ಹಾಗೇ ಇಲ್ಲ. ಅವನ್ನು ಸೇರಿಸಿದಷ್ಟೂ ಕಾಯುವ ಕಾಲ ಕಡಿಮೆಯಾಗುತ್ತದೆ.

2017ರ ಆಗಸ್ಟ್ 17. ಭಾರತದ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷ. 13 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಹೆಚ್ಚುಕಡಿಮೆ ಬರೀ ನ್ಯೂಟ್ರಾನ್‌ಗಳೇ ಕಿಕ್ಕಿರಿದ ನಕ್ಷತ್ರಗಳು, ಡಿಕ್ಕಿ ಹೊಡೆದಾಗ ಎದ್ದ ಗುರುತ್ವದ ಅಲೆ ಭೂಮಿಗೆ ತಲುಪಿತು. ಸುಮಾರು 11 ಗಂಟೆಯ ನಂತರ ಚಿಲಿಯ ಒಂದು ಮೀಟರ್ ಅಗಲದ ದೂರದರ್ಶಕ ಆ ಗ್ಯಾಲಕ್ಸಿಯಲ್ಲಿ ಹೊಸ ಬೆಳಕಿನ ಚುಕ್ಕೆಯನ್ನು ಕಂಡಿತು. ಆ ಚುಕ್ಕೆಯನ್ನು ದಿನಗಟ್ಟಲೆ ಬೆಳಗಿಸಿದ್ದು ಸಾವಿರಾರು ಬಗೆಯ ಬೀಜಗಳ ಕ್ಷಯದ ಬಿಸಿ, ಅದರಲ್ಲೂ ಮುಖ್ಯವಾಗಿ ಬೀಟಾ ಕ್ಷಯ. ಆ ಬೆಳಕಿನಲ್ಲಿ ಸ್ಟ್ರಾಂಷಿಯಂನ ಗುರುತು ಸಿಕ್ಕಿದೆ. ಚಿನ್ನದ ಗುರುತು ನೇರವಾಗಿ ಸಿಕ್ಕಿಲ್ಲ. ಅಲ್ಲಿ ಚಿನ್ನ ಹುಟ್ಟುತ್ತಿದ್ದದ್ದೇ ಆದರೆ, ಚಿಲಿಯ ದೂರದರ್ಶಕ ಆ ಚುಕ್ಕೆಯನ್ನು ಮೊದಲ ಸಲ ಕಂಡ ಹೊತ್ತಿಗೆ ಅದರ ಮೂರರಲ್ಲಿ ಸುಮಾರು ಎರಡು ಪಾಲು ಇನ್ನೂ ಪ್ಲಾಟಿನಂ ಆಗಿತ್ತು.